ಮೊದಲೇ ಮಾಡಿಟ್ಟ ಫ್ಲೆಕ್ಸು

ನಮ್ಮ ಕಡೆ ಒಬ್ಬ ಸತ್ತನೆಂದರೆ ನೆಂಟರಿಗಿಂತ ಮುಂಚೆ ಫ್ಲೆಕ್ಸು ಬರಬೇಕು. ಮೈಸೂರಿನ ಆಸ್ಪತ್ರೆಯಿಂದ ಹೊರಟ ಹೆಣ ಶ್ರೀರಂಗಪಟ್ಟಣದ ಹೊಳೆ ದಾಟುವಷ್ಟರಲ್ಲಿ ಊರಿನ ಸರ್ಕಲ್ಲಿನಲ್ಲಿ ಸತ್ತವನ ಮುಖ ಆಳೆತ್ತರ ಎದ್ದು ನಿಂತಿರಬೇಕು. ತಲೆಯ ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಅಕ್ಕಪಕ್ಕ ಎರಡು ದೀಪ, ಎದೆಯ ಕೆಳಗೆ ಹುಟ್ಟಿದ ತಾರೀಕು, ಸತ್ತ ತಾರೀಕು, ಅದರ ಬುಡದಲ್ಲಿ ದುಃಖತಪ್ತರ ಸಾಲು. ಆಂಬುಲೆನ್ಸು ಮೊದಲು ಬಂದು ಫ್ಲೆಕ್ಸು ಆಮೇಲೆ ಬಂದರೆ ಮುಗಿಯಿತು. “ಎತ್ತ ಅಪ್ಪಂಗೆ ಒಂದು ಫ್ಲೆಕ್ಸ್ ಆಕ್ಸೋ ಯೋಗ್ತೆ ಇಲ್ಲ” ಎಂಬ ಮಾತು ತಿಥಿಯ ಊಟದ ಎಲೆ ಎತ್ತುವವರೆಗೂ ಓಡಾಡುತ್ತದೆ. ಫ್ಲೆಕ್ಸು ಕಟ್ಟಬೇಡಿ ಎಂದು ಸರ್ಕಾರದವರು ಆಗಾಗ ಹೇಳುತ್ತಾರೆ. ಸಾಯಬೇಡಿ ಎಂದು ಹೇಳಿದಷ್ಟೇ ಪರಿಣಾಮ ಅದರದ್ದು.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ದೇವರಾಜುವಿನ ಫ್ಲೆಕ್ಸ್ ಅಂಗಡಿ. ಪ್ರಿಂಟ್ ಹೊಡೆಯುವ ದೊಡ್ಡ ಮಿಷನ್ನು ಅವನದು, ಚಿತ್ರ ಕೂಡಿಸುವ ಕೈ ಹೇಮಶ್ರೀಯದು. ಕ್ಯಾತನಹಳ್ಳಿಯ ಕರಿಯಪ್ಪನ ಮಗಳು ಹೇಮಶ್ರೀ ಇನ್ನೂ ಮದುವೆಯಾಗದ, ಮಾತು ಕಮ್ಮಿಯ ಹುಡುಗಿ. ಹುಟ್ಟುಹಬ್ಬ, ಗೃಹಪ್ರವೇಶ, ಸಂಘದ ಚುನಾವಣೆ ಎಲ್ಲವನ್ನೂ ಮಾಡುತ್ತಿದ್ದಳು. ಆದರೆ ಅವಳಿಗೆ ಹೆಸರು ತಂದವರು ಸತ್ತವರು. ಮದುವೆಯ ಗುಂಪು ಫೋಟೋದಲ್ಲಿ ಮೂಲೆಯಲ್ಲಿ ನಿಂತ ಮುದುಕನನ್ನು ಬಿಡಿಸಿ ತೆಗೆದು, ಹೆಗಲ ಮೇಲಿದ್ದ ಯಾರದೋ ಕೈಯನ್ನು ಅಳಿಸಿ, ಕೊಳೆ ಬನಿಯನ್ನಿನ ಮೇಲೆ ಬಿಳಿ ಅಂಗಿ ತೊಡಿಸಿ, ಕಣ್ಣಿಗೆ ಒಂದಿಷ್ಟು ಬೆಳಕು ಕೊಟ್ಟು ನಿಲ್ಲಿಸಿದಳೆಂದರೆ ಮನೆಯವರೇ ಬೆರಗಾಗುತ್ತಿದ್ದರು. “ಬದುಕಿದ್ದಾಗ ಇಷ್ಟು ಲಕ್ಷಣ್ವಾಗಿರ್ನಿಲ್ಲ ಕಣವ್ವ ನಮ್ಮ ಮಾವ” ಎಂದು ಒಬ್ಬ ಸೊಸೆ ಕಣ್ಣೊರೆಸಿಕೊಂಡು ನಕ್ಕಿದ್ದಳು. ಆ ಮಾತನ್ನು ಹೇಮಶ್ರೀ ಮರೆತಿರಲಿಲ್ಲ. ಕಸುಬಿನ ಹೆಮ್ಮೆ ಯಾರನ್ನು ಬಿಟ್ಟಿದೆ?

ಹೋದ ವರ್ಷದವರೆಗೂ ಅವಳ ಬಳಿ ಒಂದು ಹಳೇ ಲ್ಯಾಪ್‌ಟಾಪು ಇತ್ತು. ಅದರ ಕತ್ತು ಮುರಿದು, ಪರದೆಯನ್ನು ಗೋಡೆಗೆ ಒರಗಿಸಿ ಕೆಲಸ ಮಾಡುವ ಹಾಗಾಗಿತ್ತು. ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯದು. ದೀಪಾವಳಿಗೆ ಅದನ್ನು ಮೂಲೆಗೆ ತಳ್ಳಿ ಒಂದು ಟ್ಯಾಬ್ ತಂದಳು. ಜೊತೆಗೆ ಅದಕ್ಕೆ ಮುಚ್ಚಳವೂ ಆಗುವ ಕೀಬೋರ್ಡು, ಬರೆಯಲು ಪೆನ್ನು, ಅಂಗೈಯಲ್ಲಿ ಅಡಗುವ ಮೌಸು, ಪೆನ್‌ಡ್ರೈವು ಸಿಕ್ಕಿಸಲು ಒಂದು ಪುಟ್ಟ ಡಬ್ಬಿ. ದೇವರಾಜು ಅದನ್ನೆಲ್ಲ ಹರಡಿದ್ದು ನೋಡಿ, “ಇದೇನವ್ವ, ಸ್ಲೇಟು ಬಳಪ ತಂದ್ಬುಟ್ಟಿದ್ದೀಯ? ಒಂದ್ನೇ ಕ್ಲಾಸ್ಗೆ ಸೇರ್ಕತೀಯಾ?” ಎಂದು ನಕ್ಕ. ಮೊದಮೊದಲು ಅಂಗಡಿಯ ಹಳೇ ಫೈಲುಗಳು ಅದರಲ್ಲಿ ತೆರೆದರೆ ಕನ್ನಡ ಅಕ್ಷರವೆಲ್ಲ ಕಲಸಿಹೋಗಿ ಯಾವುದೋ ದೇಶದ ಭಾಷೆಯಾಗುತ್ತಿತ್ತು. ಹೇಮಶ್ರೀ ಹಟ ಹಿಡಿದು ಎಲ್ಲವನ್ನೂ ಹೊಸದಾಗಿ ಬರೆದುಕೊಂಡಳು. ಆಮೇಲೆ ನೋಡಬೇಕು. ಕೆ.ಆರ್. ಪೇಟೆಯಲ್ಲಿ ಗಿರಾಕಿಯ ಜಗಲಿಯ ಮೇಲೆಯೇ ಕೂತು ತಿದ್ದಿ ಒಪ್ಪಿಸಿ ಬರುತ್ತಿದ್ದಳು. ನಾಗಮಂಗಲದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ, ಇಳಿಯುವ ಹೊತ್ತಿಗೆ ಒಂದು ಫ್ಲೆಕ್ಸು ಮುಗಿದಿರುತ್ತಿತ್ತು.

ಆ ಯಂತ್ರಕ್ಕೆ ಇದ್ದದ್ದು ಒಂದೇ ದುರ್ಗುಣ. ಲ್ಯಾಪ್‌ಟಾಪನ್ನು ಯಾರೂ ಮುಟ್ಟುತ್ತಿರಲಿಲ್ಲ, ದೂರ ನಿಂತು ಕತ್ತು ಚಾಚಿ ನೋಡುತ್ತಿದ್ದರು. ಈ ಟ್ಯಾಬು ದೇವರಿಗೆ ಬಿಟ್ಟ ಬಸವನ ಹಾಗೆ, ಯಾರು ಬೇಕಾದರೂ ಮೈ ಸವರಬಹುದು. ಗಿರಾಕಿಗಳು ಕೇಳದೆಯೇ ಕೈಗೆತ್ತಿಕೊಂಡು ಬೆರಳಲ್ಲಿ ಹಿಗ್ಗಿಸಿ, ತಳ್ಳಿ, ತಮ್ಮದಲ್ಲದ ಹೆಣಗಳನ್ನೂ ನೋಡಿ ಕೊಡುತ್ತಿದ್ದರು. ಹೇಮಶ್ರೀ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಕಬ್ಬು ಕಡಿದ ಗದ್ದೆಯಲ್ಲಿ ಕರಿಯಪ್ಪನ ಪಾದಕ್ಕೆ ಕೂಳೆ ಚುಚ್ಚಿತು. ಹಳೇ ಸಕ್ಕರೆ ಕಾಯಿಲೆಯವನು, ನೋವು ತಿಳಿಯಲಿಲ್ಲ. ಅರಿಸಿನ ಸುಣ್ಣ ಮೆತ್ತಿಕೊಂಡು ಹಸು ಮೇಯಿಸಿದ, ಡೇರಿಗೆ ಹಾಲು ಹಾಕಿದ. ಬೆರಳು ಕಪ್ಪಾಗಿ ವಾಸನೆ ಬಂದಾಗ ಹೆಂಡತಿ ಪುಟ್ಟಗೌರಮ್ಮ ಕೂಗಾಡಿದಳು, ಮಗ ರವೀಂದ್ರ ಮೈಸೂರಿನ ಆಸ್ಪತ್ರೆಗೆ ಹೊತ್ತು ತಂದ. ಡಾಕ್ಟರು ಕಾಲು ನೋಡಿ ಸುತ್ತಿಬಳಸಲಿಲ್ಲ. ಮೊಳಕಾಲಿನ ಕೆಳಗೆ ತೆಗೆದರೆ ಆಳು ಉಳಿಯುತ್ತಾನೆ, ಬಿಟ್ಟರೆ ನಂಜು ರಕ್ತಕ್ಕೆ ಏರುತ್ತದೆ, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದರು.

“ಕಾಲಿಲ್ದೆ ಕೆಚ್ಚಲ ಮುಂದೆ ಕುಕ್ಕರಗಾಲಲ್ಲಿ ಕೂತು ಆಲು ಕರಿಯೋದು ಎಂಗೆ?” ಎಂದ ಕರಿಯಪ್ಪ. “ಕುಯ್ಯೋದು ಬ್ಯಾಡ. ಇಂಜೆಕ್ಸನ್ ಕೊಡ್ಲಿ.”

ಇಂಜೆಕ್ಷನ್ ಕೊಟ್ಟರು. ಹೇಮಶ್ರೀ ಮೈಸೂರಿಗೆ ಹತ್ತಿರದ ಬಾಬುರಾಯನಕೊಪ್ಪಲಿನ ಚಿಕ್ಕಮ್ಮ ಪ್ರಮೀಳಾಳ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಮುದ್ದೆ ಸಾರು ಕಟ್ಟಿಸಿಕೊಂಡು ಬಂದು ಇಡೀ ದಿನ ಅಪ್ಪನ ಬಳಿ ಇರುತ್ತಿದ್ದಳು. ಅವನು ಮಲಗಿದಾಗ ಊಟದ ಮೇಜನ್ನೇ ಎಳೆದುಕೊಂಡು ಟ್ಯಾಬ್ ನಿಲ್ಲಿಸಿ ಕೆಲಸ ಮಾಡುತ್ತಿದ್ದಳು. ಆ ಸ್ಲೇಟಿಲ್ಲದಿದ್ದರೆ ಕೆಲಸವೂ ಹೋಗುತ್ತಿತ್ತು, ಇಲ್ಲವೇ ಅಪ್ಪನ ಬಳಿ ಇರುವುದು ತಪ್ಪುತ್ತಿತ್ತು. ಅಂಥ ಉಪಕಾರಿ ಅದು. ನರ್ಸುಗಳು ಬಂದು, “ಏನ್ರೀ, ಇಲ್ಲೇ ಆಫೀಸಾ?” ಎಂದು ನಗುತ್ತಿದ್ದರು.

ಒಂದು ದಿನ ಮಧ್ಯಾಹ್ನ ಕರಿಯಪ್ಪನಿಗೆ ಜ್ವರ ಏರಿ ಮೈ ನಡುಗಿ ಮಾತು ತೊದಲಿತು. ಸತ್ತುಹೋದ ತನ್ನ ತಾಯಿಯನ್ನು ಕರೆಯತೊಡಗಿದ. ಪರದೆ ಎಳೆದು ಡಾಕ್ಟರು ನರ್ಸು ಎಲ್ಲ ಒಳಗೆ ನಿಂತರು, ಹೇಮಶ್ರೀಯನ್ನು ಹೊರಗೆ ಕೂರಿಸಿದರು. ಹೊರಗಿನ ಬೆಂಚಿನ ಮೇಲೆ, ಅವಳ ತೊಡೆಯ ಮೇಲೆ ತೆರೆದ ಟ್ಯಾಬಿನಲ್ಲಿ ಯಾರೋ ಬೈರಮ್ಮನೆಂಬ ಮುದುಕಿಯ ಶ್ರದ್ಧಾಂಜಲಿ ಅರ್ಧಕ್ಕೆ ನಿಂತಿತ್ತು. ಆಧಾರ್ ಕಾರ್ಡಿನ ಫೋಟೋ, ಬೆದರಿದ ಕಣ್ಣು, ಕೆದರಿದ ತಲೆ. ಮನೆಯವರಿಗೆ ಬೇರೆ ಫೋಟೋ ಸಿಕ್ಕಿರಲಿಲ್ಲ.

ಅವಳ ಮನಸ್ಸು ಅಲ್ಲಿ ಕಟ್ಟಿಹೋಯಿತು. ನಾಳೆ ಅಪ್ಪನಿಗೂ ಇದೇ ಗತಿ. ಮನೆಯಲ್ಲಿ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿರುವಾಗ ರವೀಂದ್ರಣ್ಣ ಕೈಗೆ ಸಿಕ್ಕ ಕೆಟ್ಟ ಫೋಟೋ ಕಳಿಸುತ್ತಾನೆ, ತಾನು ಎದ್ದು ಮಾಡುವ ಸ್ಥಿತಿಯಲ್ಲಿರುವುದಿಲ್ಲ, ದೇವರಾಜು ಯಾರ ಕೈಯಲ್ಲೋ ಹೊಡೆಸಿ ನಿಲ್ಲಿಸುತ್ತಾನೆ. ಎಲ್ಲರ ಅಪ್ಪಂದಿರನ್ನೂ ಚೆಂದ ಮಾಡಿದವಳು ತನ್ನ ಅಪ್ಪನನ್ನು ಆ ರೂಪದಲ್ಲಿ ನೋಡಬೇಕು. ಟ್ಯಾಬಿನಲ್ಲೇ ಅವನದೊಂದು ಫೋಟೋ ಇತ್ತು, ಹೊಸ ಕರುವಿನ ಪಕ್ಕ ನಿಂತು ಯಾವುದಕ್ಕೋ ನಕ್ಕದ್ದು. ಅಳುತ್ತ ಅಳುತ್ತ ಅದನ್ನು ಪೆನ್ನಿನಲ್ಲಿ ಬಿಡಿಸಿ ತೆಗೆದಳು. ಬಿಳಿ ಅಂಗಿ ತೊಡಿಸಿದಳು, ಹಾರ ಹಾಕಿದಳು, ದೀಪ ಇಟ್ಟಳು, ಹೆಸರು ಬರೆದಳು, ಹುಟ್ಟಿದ ತಾರೀಕು ಬರೆದಳು. ಇನ್ನೊಂದು ತಾರೀಕಿನ ಜಾಗ ಖಾಲಿ ಬಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿ ನಗುತ್ತೇವಲ್ಲ, ಹಾಗೆ ಹೊಲಿದ ಕುಲಾವಿಯಿಂದ ಯಾರಿಗೂ ಕೇಡಿಲ್ಲ. ಇವಳು ಹೊಲಿದದ್ದು ಬೇರೆ. ಮುಗಿದ ಮೇಲೆ ಅವಳಿಗೆ ಎದೆ ಹಗುರಾಯಿತು, ಅದನ್ನೂ ಹೇಳಿಬಿಡಬೇಕು.

ಸಂಜೆಗೆ ಜ್ವರ ಇಳಿಯಿತು. ಮಾರನೇ ದಿನ ಕರಿಯಪ್ಪ ಎದ್ದು ಕೂತು ಕಾಫಿ ಕೇಳಿದ. ಡಾಕ್ಟರು ಬಂದು, ಈಗ ಮೈ ಒಂದು ಹದಕ್ಕೆ ಬಂದಿದೆ, ಆಪರೇಷನ್ನಿಗೆ ಇದೇ ಸಮಯ, ಇನ್ನೊಂದು ಸಲ ಹೀಗೆ ಏರಿದರೆ ಇಳಿಯುವುದಿಲ್ಲ ಎಂದರು. ಹೇಮಶ್ರೀ ಆ ಫ್ಲೆಕ್ಸನ್ನು ಅಳಿಸಲು ಹೋದಳು. ಅಪ್ಪ ಅದರಲ್ಲಿ ಎಷ್ಟು ಚೆನ್ನಾಗಿ ಬಂದಿದ್ದನೆಂದರೆ, ಅವಳು ಅಷ್ಟು ದಿನ ಮಾಡಿದ ಯಾವ ಸತ್ತವನೂ ಹಾಗೆ ನಕ್ಕಿರಲಿಲ್ಲ. ಹಾರ, ದೀಪ ತೆಗೆದರೆ ಮನೆಯ ಗೋಡೆಗೇ ಹಾಕಬಹುದು, ಬಿಡುವಾದಾಗ ತೆಗೆಯೋಣ ಎಂದುಕೊಂಡು ಬಿಟ್ಟಳು.

ಆ ದಿನ ಅಪ್ಪನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ರವೀಂದ್ರ ಗದರಿ ಸೋತಿದ್ದ, ಪುಟ್ಟಗೌರಮ್ಮ ಫೋನಿನಲ್ಲಿ ಅತ್ತು ಸೋತಿದ್ದಳು. ಕೊನೆಗೆ ಕರಿಯಪ್ಪನೇ ಮಗಳ ಕೈ ಹಿಡಿದುಕೊಂಡ.

“ನಿಜ ಯೋಳು ಮಗ. ಡಾಕ್ಟ್ರು ಮಾತು ನಂಗೆ ಬ್ಯಾಡ, ರವಿದೂ ಬ್ಯಾಡ. ಕಾಲು ತಗದ್ರೆ ನಾನು ಉಳೀತೀನಾ?”

“ಉಳೀತೀಯ ಕಣಪ್ಪ. ನಂಗೆ ಅನುಮಾನ ಇದ್ದಿದ್ರೆ ನಿನ್ ಮುಂದೆ ಇಂಗೆ ಕೂತ್ಕಂಡು ಕೆಲ್ಸ ಮಾಡ್ತಿದ್ನಾ?”

ಕರಿಯಪ್ಪ ಅವಳ ಮುಖವನ್ನೇ ನೋಡಿದ. ಹಸು ಕೊಳ್ಳುವಾಗ ಹಲ್ಲು ನೋಡುವಷ್ಟು ನಿಧಾನವಾಗಿ ನೋಡಿದ.

“ನೀನು ಸುಳ್ಳೇಳವಳಲ್ಲ. ಅಂಗಾರೆ ಕುಯ್ಲಿ ಬುಡು” ಎಂದ. “ಒಂದು ಕಾಲಲ್ಲೇ ಆಲು ಕರಿಯೋದು ಕಲ್ತ್ಕತೀನಿ.”

ಹೇಮಶ್ರೀ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಮನದಣಿಯೆ ಅತ್ತಳು. ಅದು ಸಂತೋಷದ ಅಳು. ಬಂದು ಅಪ್ಪನಿಗೆ ಟ್ಯಾಬಿನಲ್ಲಿ ಕೊಟ್ಟಿಗೆ ತೋರಿಸಿದಳು. ಅಮ್ಮ ಕಳಿಸಿದ್ದ ಕರುವಿನ ಫೋಟೋ, ಹಸುವಿನ ಫೋಟೋ. “ಬೆರಳಲ್ಲಿ ಇಂಗೆ ತಳ್ಳಪ್ಪ, ಮುಂದಿಂದು ಬತ್ತದೆ” ಎಂದು ಕಲಿಸಿದಳು. ಒರಟು ಬೆರಳಿಗೆ ಮೊದಲು ಅದು ಮಣಿಯಲಿಲ್ಲ, ಆಮೇಲೆ ಮಣಿಯಿತು. ಕರಿಯಪ್ಪ ಮಗುವಿನಂತೆ ಖುಷಿಪಟ್ಟ. ತಾನಿಲ್ಲದಾಗಲೂ ನೋಡಿಕೊಳ್ಳಲಿ ಎಂದು ಹೇಮಶ್ರೀ ಟ್ಯಾಬಿನ ಬೀಗ ತೆಗೆದಿಟ್ಟಳು.

ಆಪರೇಷನ್ನಿನ ಹಿಂದಿನ ದಿನ ರಕ್ತ ಕೊಡಲು ರವೀಂದ್ರ ಊರಿನ ಹುಡುಗರನ್ನು ಕರೆತಂದಿದ್ದ. ಅವರನ್ನು ಕೆಳಗಿನ ರಕ್ತನಿಧಿಗೆ ಕರೆದುಕೊಂಡು ಹೋಗಿ, ಹಣ್ಣಿನ ರಸ ಕುಡಿಸಿ, ಹೇಮಶ್ರೀ ಮೇಲೆ ಬರುವಾಗ ಊಟದ ಹೊತ್ತಾಗಿತ್ತು. ಕರಿಯಪ್ಪ ದಿಂಬಿಗೆ ಒರಗಿ ಟ್ಯಾಬನ್ನು ಎದೆಯ ಮೇಲೆ ನಿಲ್ಲಿಸಿಕೊಂಡಿದ್ದ. ಕರು ನೋಡಿದ್ದ, ಹೆಂಡತಿಯನ್ನು ನೋಡಿದ್ದ, ಕೊಟ್ಟಿಗೆ ನೋಡಿದ್ದ. ಇನ್ನೊಂದು ಸಲ ತಳ್ಳಿದಾಗ ತಾನೇ ಬಂದಿದ್ದ, ಹಾರ ಹಾಕಿಕೊಂಡು.

“ಸಂದಾಗಿ ಮಾಡಿದ್ದೀಯ ಮಗ” ಎಂದ.

ಹೇಮಶ್ರೀ ಮಂಚದ ಬಳಿಗೆ ಓಡಿಬಂದಳು. “ಅಪ್ಪ, ಅದು... ಆವತ್ತು ಜ್ವರ ಏರಿತ್ತಲ್ಲ ನಿಂಗೆ... ಬುದ್ಧಿ ಕೆಟ್ಟು ಮಾಡ್ಬುಟ್ಟೆ ಕಣಪ್ಪ. ಈಗ ಅಂಗಿಲ್ಲ. ನೀನು ಉಸಾರಾಗಿದ್ದೀಯ.”

“ತಾರೀಕು ಒಂದು ಬುಟ್ಟಿದ್ದೀಯ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಕಾಲು ಹಿಡಿದು ಬೈಸಿಕೊಂಡು ಗೆಲ್ಲುತ್ತಿದ್ದಳೋ ಏನೋ. “ಇರ್ಲಿ ಬುಡು. ನಾನು ಉಳಿಯಲ್ಲ ಅಂತ ಡಾಕ್ಟ್ರು ನಿಮ್ಗೆ ಯೋಳವ್ರೆ, ನೀವು ನಂಗೆ ಯೋಳ್ನಿಲ್ಲ. ಮಕ್ಕಳು ಅಪ್ಪಂಗೆ ಅಂಗೇ ಮಾಡಾದು, ಧೈರ್ಯ ತುಂಬಾದು. ನಾನೂ ನಮ್ಮಪ್ಪಂಗೆ ಅಂಗೇ ಸುಳ್ಳೇಳಿದ್ದೆ.”

“ದೇವ್ರಾಣೆ ಸುಳ್ಳಲ್ಲ ಕಣಪ್ಪ!”

ಅವಳು ಟ್ಯಾಬನ್ನು ಕಿತ್ತುಕೊಂಡು ಅವನ ಕಣ್ಣೆದುರಿಗೇ ಅಳಿಸಿದಳು. ಅಪ್ಪ ನಕ್ಕ ಫೋಟೋವೂ ಹೋಗಲಿ ಎಂದು ಅದನ್ನೂ ಅಳಿಸಿದಳು. ಕರಿಯಪ್ಪ ಅವಳ ಮುಂಗೈ ತಟ್ಟಿ, “ಯಾಕಳಿಸ್ತೀಯ? ಇನ್ನೊಂದ್ಸಲ ನೀನೇ ಮಾಡ್ಬೇಕಲ್ಲ, ಎಲ್ರೂ ಅಳ್ತಿರೋವಾಗ” ಎಂದ. ಆಮೇಲೆ, “ರವಿನ ಕರಿ. ಮನೆಗೋಗನ. ಎರಡು ಕಾಲೂ ಇಟ್ಕಂಡೇ ಓಯ್ತೀನಿ” ಎಂದ.

ಡಾಕ್ಟರು ಬಂದು ವಿವರಿಸಿದರು. ಕರಿಯಪ್ಪ ಕೈಮುಗಿದು ಕೇಳಿಸಿಕೊಂಡ, ಒಪ್ಪಲಿಲ್ಲ. ಬುದ್ಧಿ ಸ್ವಾಧೀನದಲ್ಲಿರುವವನ ಕಾಲನ್ನು ಬಲವಂತವಾಗಿ ತೆಗೆಯಲು ಯಾವ ಡಾಕ್ಟರಿಗೂ ಆಗುವುದಿಲ್ಲ. ರವೀಂದ್ರ ಮೆಟ್ಟಿಲ ಬಳಿ ತಂಗಿಯ ರಟ್ಟೆ ಹಿಡಿದು, “ನಿನ್ ಕೈ ಸೇದೋಗ! ಅಪ್ಪ ಉಸ್ರಾಡ್ತಿರೋವಾಗ್ಲೇ ಆರ ಆಕ್ಬುಟ್ಯಲ್ಲೇ!” ಎಂದು ಕಿರುಚಿದ. ರಕ್ತ ಕೊಟ್ಟು ಬಂದ ಹುಡುಗರು ಗೋಡೆ ನೋಡಿಕೊಂಡು ನಿಂತರು. ಅಣ್ಣ ಹೇಳಿದ್ದರಲ್ಲಿ ತಪ್ಪೇನಿತ್ತು?

ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದರು. ನೋಡಲು ಬಂದವರಿಗೆಲ್ಲ ಕರಿಯಪ್ಪ ಮಗಳ ವಿಷಯ ಹೇಳುತ್ತಿದ್ದ. ಮನಸ್ಸು ನೋಯಿಸಬೇಕೆಂದಲ್ಲ, ಅವನಿಗೆ ನಿಜಕ್ಕೂ ಅಭಿಮಾನ. “ನಮ್ಮ ಏಮ ಎಲ್ಲ ಮೊದ್ಲೇ ಮಾಡಿ ಮಡಗವ್ಳೆ. ಬಿಳೀ ಅಂಗಿ ಆಕವ್ಳೆ ನಂಗೆ. ನಾನೇ ಕಣ್ಣಾರೆ ನೋಡ್ದೆ. ಯಾರಿಗುಂಟು ಈ ಭಾಗ್ಯ?” ಬಂದವರು ಹೌದೌದು ಎಂದು ಗೋಣು ಆಡಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತ ಹೇಮಶ್ರೀಯ ಕಡೆ ತಿರುಗಿ ನೋಡುತ್ತಿದ್ದರು. ಅವಳು ಒಳಗೆ ಸರಿದು ಒಲೆಯ ಮುಂದೆ ಕೂರುತ್ತಿದ್ದಳು. ಪ್ರತಿದಿನ ಅಪ್ಪನ ಕಾಲ ಬಳಿ ಕೂತು ಬೇಡಿದಳು, ಈಗಲೂ ಹೋಗೋಣ, ವ್ಯಾನು ತರಿಸುತ್ತೇನೆ ಎಂದಳು. ಊಟ ಬಿಟ್ಟಳು. “ನೀನು ಉಣ್ಣು ಮಗ. ನಾಳೆ ನಿಂಗೆ ಭಾಳ ಕೆಲ್ಸ ಅದೆ” ಎಂದು ಅವನೇ ಸಮಾಧಾನ ಮಾಡುತ್ತಿದ್ದ. ಪುಟ್ಟಗೌರಮ್ಮ ಮಗಳಿಗೆ ಬೈಯಲಿಲ್ಲ. ಮಗಳು ಪಾತ್ರೆ ತೊಳೆಯಲು ಕೂತರೆ ಸುಮ್ಮನೆ ಎದ್ದು ಹೋಗುತ್ತಿದ್ದಳು, ಅಷ್ಟೇ. ಅದಕ್ಕಿಂತ ಪೊರಕೆಯಲ್ಲಿ ಬಾರಿಸಿದ್ದರೆ ವಾಸಿಯಿತ್ತು.

ಡಾಕ್ಟರು ಹೇಳಿದಂತೆಯೇ ಆಯಿತು. ಜ್ವರ ಮತ್ತೆ ಏರಿತು, ಇಳಿಯಲಿಲ್ಲ. ಕರಿಯಪ್ಪ ಬೆಳಗಿನ ಹಾಲು ಕರೆಯುವ ಹೊತ್ತಿನಲ್ಲಿ ಹೋದ. ಹೆಂಗಸರ ಗೋಳಿನ ನಡುವೆ ದೇವರಾಜು ಫೋನು ಮಾಡಿ, “ಏಮಾ, ನೀನು ಕೂತ್ಕಬ್ಯಾಡ, ನಾನೇ ಯಾರ್ ಕೈಲಾರ ಮಾಡ್ಸ್ತೀನಿ” ಎಂದ. ಅವಳು ಬೇಡವೆಂದಳು. ಹಿತ್ತಿಲಿಗೆ ಹೋಗಿ ಹುಲ್ಲಿನ ಮೆದೆಗೆ ಒರಗಿ ಟ್ಯಾಬ್ ತೆರೆದಳು. ನಕ್ಕ ಫೋಟೋ ಇರಲಿಲ್ಲ. ಡೇರಿಯ ಪಾಸ್‌ಬುಕ್ಕಿಗೆ ತೆಗೆಸಿದ್ದ, ಕತ್ತು ಬಿಗಿಹಿಡಿದ ಫೋಟೋ ಒಂದೇ ಉಳಿದಿತ್ತು. ಅದನ್ನೇ ಹಾಕಿದಳು. ಏನನ್ನೂ ತಿದ್ದಲಿಲ್ಲ. ಫ್ಲೆಕ್ಸು ಹೊತ್ತಿಗೆ ಮುಂಚೆಯೇ ಸರ್ಕಲ್ಲಿನಲ್ಲಿ ನಿಂತಿತು. ಮೊದಲೇ ಮಾಡಿಟ್ಟಿದ್ದಳಲ್ಲ ಎಂದು ಜನ ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ತಿಥಿ ಕಳೆದು ಅಂಗಡಿಗೆ ಹೋದ ದಿನ ಚಿನಕುರಳಿಯಿಂದ ಮರಿಯಯ್ಯ ಎಂಬುವನು ಬಂದ. ಕಲ್ಲುಕೋರೆಯಲ್ಲಿ ದುಡಿಯುವ ಮನುಷ್ಯ. ಹುಬ್ಬಿನ ಮೇಲೂ ಕಲ್ಲಿನ ಪುಡಿ. ಸಂಕೋಚದಿಂದ ಸ್ಟೂಲಿನ ತುದಿಯಲ್ಲಿ ಕೂತು, ತನ್ನಪ್ಪ ಮಂಚಯ್ಯನಿಗೆ ಉಬ್ಬಸ ಹೆಚ್ಚಾಗಿದೆ ಎಂದ.

“ನಿಮ್ಮಪ್ಪಾರಿಗೆ ಮೊದ್ಲೇ ಫ್ಲೆಕ್ಸ್ ಮಾಡಿ ತೋರ್ಸಿದ್ರಂತಲ್ಲ ತಾಯಿ. ನೋಡ್ಕಂಡು ಖುಸಿಯಾಗಿ ಓದ್ರಂತೆ. ಸುತ್ತಲ ಅಳ್ಳೀಲೆಲ್ಲ ಅದೇ ಮಾತು. ನಮ್ಮಪ್ಪಂಗೂ ಅಂಗೇ ಒಂದು ಮಾಡ್ಕೊಡಿ. ಕಣ್ತುಂಬ ನೋಡ್ಕಳ್ಳಿ, ಮುದುಕ.”

ಅವನು ಮೊಬೈಲು ಮುಂದೆ ಹಿಡಿದ. ಫೋಟೋದಲ್ಲಿ ಮಂಚಯ್ಯ ಬೀಡಿ ಬೆರಳಲ್ಲಿ ಹಿಡಿದು, ಬೊಚ್ಚು ಬಾಯಲ್ಲಿ ನಗುತ್ತಿದ್ದ. ಒಳ್ಳೆಯ ಫೋಟೋ. ಮುಖದ ಮೇಲೆ ಬೆಳಕು ಸರಿಯಾಗಿ ಬಿದ್ದಿದೆ, ಬೀಡಿ ಅಳಿಸಿದರೆ ಸಾಕು ಎಂದು ಹೇಮಶ್ರೀಯ ಕಣ್ಣು ತಾನಾಗಿಯೇ ಲೆಕ್ಕ ಹಾಕಿಬಿಟ್ಟಿತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಉಣ್ತಾವ್ರಾ ನಿಮ್ಮಪ್ಪ?” ಎಂದಳು.

“ಒಂದು ಮುದ್ದೆ ಉಣ್ತಾವ್ರೆ. ಡಾಕ್ಟ್ರು ಮೈಸೂರ್ಗೆ ಕರ್ಕಂಡೋಗಿ ಸೇರ್ಸಿ, ವಾಸಿಯಾಯ್ತದೆ ಅಂದವ್ರೆ. ಈ ವಾರ ಓಗನ ಅಂತಿದ್ದೀವಿ.”

“ಇವತ್ತೇ ಓಗಿ. ಈಗ್ಲೇ ಎದ್ದೋಗಿ. ಇದುನ್ನ ನಾನು ಮಾಡಲ್ಲ.”

“ನಿಮ್ಮಪ್ಪಾರಿಗೆ ಮಾಡಿದ್ರಲ್ಲ ತಾಯಿ?”

“ಮಾಡಿದ್ದುಕ್ಕೇ ಸತ್ತ” ಎಂದಳು ಹೇಮಶ್ರೀ. ಅಷ್ಟು ದಿನ ಯಾರ ಮುಂದೆಯೂ ಆಡದ ಮಾತು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು. “ಕಾಲು ಕುಯ್ದಿದ್ರೆ ನಮ್ಮಪ್ಪ ಬದುಕ್ಕತಿದ್ದ. ಒಪ್ಪಿದ್ದ. ನಾನು ಮಾಡಿದ್ದ ನೋಡಿ ಸಾಯಕೆ ಒಂಟ. ಖುಸಿಯಾಗಿ ಓಗ್ನಿಲ್ಲ, ನಾನು ಕಳಿಸ್ದೆ.”

ಮರಿಯಯ್ಯ ಅವಳನ್ನು ಕನಿಕರದಿಂದ ನೋಡಿದ. ಅಪ್ಪನನ್ನು ಕಳೆದುಕೊಂಡ ಹೆಣ್ಣುಮಗಳು, ಹೀಗೆಲ್ಲ ಅನ್ನುವುದು ಸಹಜ ಎಂದು ಅವನ ಮುಖವೇ ಹೇಳುತ್ತಿತ್ತು.

“ಅಂಗೆಲ್ಲ ಅನ್ಬಾರ್ದು ತಾಯಿ. ಅವ್ರ ಆಯಸ್ಸು ಅಷ್ಟೇ ಇತ್ತು” ಎಂದು ಎದ್ದು, ಮೊಬೈಲನ್ನು ಜೇಬಿಗೆ ಹಾಕಿಕೊಂಡ. ರಸ್ತೆಗಿಳಿದು ಒಂದು ಗಳಿಗೆ ಅತ್ತಿತ್ತ ನೋಡಿದ. ಹೇಮಶ್ರೀ ಬಾಗಿಲಿಗೆ ಓಡಿಬಂದು, “ಅಣ್ಣಾ, ಆಸ್ಪತ್ರೆಗೆ ಓಗಿ, ಮೊದ್ಲು ಆಸ್ಪತ್ರೆಗೆ ಓಗಿ” ಎಂದು ಕೂಗಿದಳು. ಅವನು ಆಗಲಿ ಎನ್ನುವಂತೆ ತಲೆಯಾಡಿಸಿ, ಬಸ್ಸೊಂದು ಹಾದುಹೋಗುವವರೆಗೆ ಕಾದು, ಎದುರಿನ ಇನ್ನೊಂದು ಫ್ಲೆಕ್ಸ್ ಅಂಗಡಿಯ ಮೆಟ್ಟಿಲು ಹತ್ತಿದ.